ಆಗಬಾರದಿದ್ದ ಅವಘಡಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರದವರೆಗೆ, ಮಳೆಗಾಲ ಶುರುವಾಯಿತೆಂದರೆ ಮಾತು ಗುಡ್ಡ, ಸೇತುವೆ, ದೋಣಿ, ಕರೆಂಟಿನ ಕಡೆ ಹೊರಳುತ್ತದೆ. ಆಗ ಜನ ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಕೆಲವು ಘಟನೆ ನಮ್ಮ ಉತ್ತರ ಕನ್ನಡ ಜಿಲ್ಲೆಯವು, ಕೆಲವು ದೂರದ ದೇಶಗಳವು.

ಆಗೋದು ಆಗೇ ಆಗುತ್ತೆ. ಹಣೆಬರಹ ಅಂದುಕೊಂಡು ಸುಮ್ಮನಿರಬೇಕು ಅಲ್ವಾ?

ಮಳೆ ಎಷ್ಟು ಸುರಿಯಬೇಕು ಅನ್ನುವುದು ನಮ್ಮ ಕೈಯಲ್ಲಿಲ್ಲ, ನಿಜ. ಆದರೆ ಗುಡ್ಡವನ್ನು ಎಷ್ಟು ಕಡಿದಾಗಿ ಕತ್ತರಿಸಬೇಕು, ದೋಣಿಗೆ ಎಷ್ಟು ಜನರನ್ನು ಹತ್ತಿಸಬೇಕು ಅನ್ನುವುದನ್ನು ತೀರ್ಮಾನಿಸುವವರು ಮನುಷ್ಯರೇ.

ದೊಡ್ಡ ಅವಘಡಗಳ ಕಥೆ ಬಿಡಿಸಿ ನೋಡಿದರೆ ಎರಡು ಸಂಗತಿ ಮತ್ತೆ ಮತ್ತೆ ಕಾಣುತ್ತವೆ. ಒಂದು, ಯಾರೋ ಒಬ್ಬರಿಗೆ ಮೊದಲೇ ಅನುಮಾನ ಬಂದಿರುತ್ತದೆ. ಆ ಮಾತು ಮೇಲಿನವರ ಕಿವಿಗೆ ಬಿದ್ದಿರುವುದಿಲ್ಲ, ಬಿದ್ದರೂ ಯಾರೂ ಲಕ್ಷ್ಯ ಕೊಟ್ಟಿರುವುದಿಲ್ಲ. ಇನ್ನೊಂದು, ಕೆಲಸ ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗ ತಪ್ಪು ನುಸುಳಿರುತ್ತದೆ. ನಕ್ಷೆ ಬರೆದವರು ಬೇರೆ, ಕಟ್ಟುವವರು ಬೇರೆ, ನೋಡಿಕೊಳ್ಳುವವರು ಮತ್ತೊಬ್ಬರು. ಪ್ರತಿಯೊಬ್ಬರೂ ‘ಅದನ್ನು ಅವರು ನೋಡಿರುತ್ತಾರೆ’ ಅಂದುಕೊಳ್ಳುತ್ತಾರೆ. ಕೆಳಗಿನ ಉತ್ತರಗಳಲ್ಲಿ ಈ ಎರಡೂ ಬೇರೆ ಬೇರೆ ರೂಪದಲ್ಲಿ ಬರುತ್ತವೆ.

ಶಿರೂರಿನ ಗುಡ್ಡ ಯಾಕೆ ಹಾಗೆ ಒಮ್ಮೆಲೇ ಜಾರಿತು?

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಪಕ್ಕದ ಗುಡ್ಡ ಕುಸಿಯಿತು. ಲಾರಿಯವರು ನಿಲ್ಲಿಸಿ ಚಹಾ ಕುಡಿಯುವ ಜಾಗ ಅದು. ಮಣ್ಣು ಅಂಗಡಿಯನ್ನೂ ರಸ್ತೆಯನ್ನೂ ದಾಟಿ ಗಂಗಾವಳಿ ನದಿಗೆ ಇಳಿಯಿತು. ಗ್ಯಾಸ್ ಟ್ಯಾಂಕರ್ ನದಿಗೆ ಬಿತ್ತು. ನೀರು ಎದ್ದ ರಭಸಕ್ಕೆ ಎದುರು ದಡದ ಉಳುವರೆಯಲ್ಲೂ ಮನೆಗಳು ಹೋದವು. ಕೇರಳದ ಒಂದು ಲಾರಿ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ.

ಆ ವಾರ ಮಳೆ ವಿಪರೀತ ಇತ್ತು. ಆದರೆ ಅದು ಚತುಷ್ಪಥ ಹೆದ್ದಾರಿಗಾಗಿ ಬುಡ ಕಡಿದ ಗುಡ್ಡವೂ ಹೌದು. ನಮ್ಮ ಕಡೆಯ ಗುಡ್ಡದ ಗುಣ ತಿಳಿದರೆ ಇದು ಸುಲಭವಾಗಿ ಅರ್ಥವಾಗುತ್ತದೆ. ಮೇಲೆ ಚಿರೆಕಲ್ಲಿನ ಪದರ. ಗಟ್ಟಿ, ಆದರೆ ತುಂಬ ರಂಧ್ರ. ನೀರು ಆ ರಂಧ್ರಗಳಲ್ಲಿ ಸಲೀಸಾಗಿ ಕೆಳಗಿಳಿಯುತ್ತದೆ. ಅದರಡಿ ಹಲವು ಕಡೆ ಇರುವುದು ಶೇಡಿ ಮಣ್ಣು. ಒಣಗಿದಾಗ ಇದನ್ನು ಗೋಡೆಯ ಹಾಗೆ ನೆಟ್ಟಗೆ ಕಡಿಯಬಹುದು, ನಿಲ್ಲುತ್ತದೆ. ನೀರು ಕುಡಿದಾಗ ಜಾರುತ್ತದೆ. ಬೇಸಿಗೆಯಲ್ಲಿ ಜೆಸಿಬಿ ತಂದು ಕಡಿದವರಿಗೆ ಕಾಣುವುದು ಒಣಗಿದ ಗೋಡೆ ಮಾತ್ರ.

ಗುಡ್ಡವನ್ನು ಕಡಿಯಲೇಬೇಕಾದರೆ ದಾರಿ ಇದೆ. ನೆಟ್ಟಗೆ ಕಡಿಯದೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಬೇಕು. ನೆತ್ತಿಯ ಮೇಲೆ ಕಾಲುವೆ ತೋಡಿ ಮಳೆನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಒಳಗೆ ಇಳಿದ ನೀರು ಹೊರಬರಲು ತೂತಿನ ಕೊಳವೆ ಹಾಕಬೇಕು. ಇದಕ್ಕೆಲ್ಲ ಜಾಸ್ತಿ ಜಾಗ ಬೇಕು, ಜಾಸ್ತಿ ದುಡ್ಡು ಬೇಕು. ರಸ್ತೆಯ ಅಂದಾಜು ಪಟ್ಟಿ ಮಾಡುವಾಗಲೇ ಇದನ್ನು ಸೇರಿಸದಿದ್ದರೆ ಆಮೇಲೆ ಯಾರೂ ಸೇರಿಸುವುದಿಲ್ಲ. ಶಿರೂರಿನಂಥ ಕಡೆ ಗುಡ್ಡ ಮತ್ತು ನದಿಯ ನಡುವೆ ಇರುವುದು ಒಂದು ರಸ್ತೆಯಷ್ಟೇ ಜಾಗ. ಅಂಥಲ್ಲಿ ಅಗಲ ಬೇಕೆಂದು ಗುಡ್ಡದ ಬುಡಕ್ಕೆ ಕೈ ಹಾಕುವ ಮುಂಚೆ ಎಷ್ಟು ಸಲ ಯೋಚಿಸಿದರೂ ಕಡಿಮೆಯೇ.

ನಮ್ಮ ಮನೆ ಹಿಂದೆಯೂ ಧರೆ (ಗುಡ್ಡ ಕಡಿದ ನೆಟ್ಟಗಿನ ಮಣ್ಣಿನ ಗೋಡೆ) ಇದೆ. ಏನನ್ನು ನೋಡುತ್ತಾ ಇರಬೇಕು?

ಮಳೆಗಾಲದಲ್ಲಿ ಧರೆಯ ಬುಡಕ್ಕಿಂತ ನೆತ್ತಿಯನ್ನು ಹೆಚ್ಚು ನೋಡಿ. ಕುಸಿತದ ಮೊದಲ ಗುರುತು ಅಲ್ಲೇ: ಅಂಚಿಗೆ ಸಮಾನವಾಗಿ ಉದ್ದಕ್ಕೆ ಬಿಟ್ಟ ಬಿರುಕು. ಬಿರುಕು ಕಂಡರೆ ಅದರೊಳಗೆ ನೀರಿಳಿಯದ ಹಾಗೆ ಮೇಲೆ ತಾಡಪಾಲು ಹೊದೆಸಿ, ಬರುವ ನೀರನ್ನು ಪಕ್ಕಕ್ಕೆ ತಿರುಗಿಸಿ. ನೆಟ್ಟಗಿದ್ದ ಮರ ಅಥವಾ ಕರೆಂಟ್ ಕಂಬ ವಾಲಿದೆಯಾ ನೋಡಿ. ಬುಡದಲ್ಲಿ ಒಸರುವ ನೀರು ಇದ್ದಕ್ಕಿದ್ದ ಹಾಗೆ ಕೆಂಪಾಗಿ ಬಂದರೆ ಒಳಗಿನ ಮಣ್ಣು ಕರಗುತ್ತಿದೆ ಎಂದರ್ಥ. ಹರಿಯುತ್ತಿದ್ದ ಒರತೆ ಮಳೆಯ ನಡುವೆ ನಿಂತುಹೋದರೂ ಅಪಾಯವೇ, ನೀರು ಒಳಗೆ ಕಟ್ಟಿಕೊಂಡಿರಬಹುದು. ಇಂಥದ್ದು ಕಂಡ ರಾತ್ರಿ ಆ ಮಗ್ಗುಲಿನ ಕೋಣೆಯಲ್ಲಿ ಯಾರೂ ಮಲಗಬಾರದು. ಸಾಧ್ಯವಾದರೆ ಸಂಬಂಧಿಕರ ಮನೆಗೆ ಹೋಗಿಬಿಡಿ.

ತಡೆಗೋಡೆ ಕಟ್ಟಿಸಿದ್ದೇವೆ, ಚಿಂತೆ ಇಲ್ಲ ಅನ್ನುವವರಿಗೆ ಒಂದು ಮಾತು. ಗೋಡೆಯಲ್ಲಿ ಅಲ್ಲಲ್ಲಿ ಪಿವಿಸಿ ಪೈಪಿನ ತುಂಡು ಇಟ್ಟಿರುತ್ತಾರಲ್ಲ, ಜೋರು ಮಳೆ ಬರುವಾಗ ಕೊಡೆ ಹಿಡಿದುಕೊಂಡು ಹೋಗಿ ಅವುಗಳಿಂದ ನೀರು ಬರುತ್ತಿದೆಯಾ ನೋಡಿ. ಎಷ್ಟೋ ಗೋಡೆಗಳಲ್ಲಿ ಪೈಪು ಹೊರಗಿನಿಂದ ಚೆನ್ನಾಗಿ ಕಾಣುತ್ತದೆ, ಒಳತುದಿ ಸಿಮೆಂಟಿನ ಗಂಜಿಯಿಂದ ಮುಚ್ಚಿರುತ್ತದೆ. ಇಲ್ಲವೆಂದರೆ ಹಿಂದೆ ಜಲ್ಲಿ ತುಂಬದೆ ನೇರವಾಗಿ ಮಣ್ಣು ತುಂಬಿರುತ್ತಾರೆ, ಒಂದೇ ಮಳೆಗಾಲದಲ್ಲಿ ಪೈಪು ಕಟ್ಟುತ್ತದೆ. ಆಮೇಲೆ ಗೋಡೆ ಹೊರುವುದು ಮಣ್ಣಿನ ಭಾರದ ಜೊತೆಗೆ ನೀರಿನ ಒತ್ತಡವನ್ನೂ. ಎಷ್ಟು ದಪ್ಪ ಕಟ್ಟಿದರೂ ಅದು ವಾಲುತ್ತದೆ. ಕಬ್ಬಿಣದ ಸರಳು ಹಾಕಿ ಆ ಪೈಪುಗಳಲ್ಲಿ ಕಟ್ಟಿದ್ದನ್ನು ಮೇ ತಿಂಗಳಲ್ಲೇ ಬಿಡಿಸಿಕೊಳ್ಳಿ.

ಕೊಂಕಣ ರೈಲು ಮಳೆಗಾಲದಲ್ಲಿ ಯಾಕೆ ನಿಧಾನ ಹೋಗುತ್ತದೆ?

2003ರ ಜೂನ್ 22ರ ರಾತ್ರಿ ಕಾರವಾರದಿಂದ ಮುಂಬೈಗೆ ಹೊರಟಿದ್ದ ವಿಶೇಷ ರೈಲು ಮಹಾರಾಷ್ಟ್ರದ ವೈಭವವಾಡಿಯ ಹತ್ತಿರ ಹಳಿಯ ಮೇಲೆ ಕುಸಿದು ಬಿದ್ದಿದ್ದ ಬಂಡೆಗೆ ಬಡಿಯಿತು. 50ಕ್ಕೂ ಹೆಚ್ಚು ಜನ ಸತ್ತರು. ಮರುವರ್ಷ 2004ರ ಜೂನ್ 16ಕ್ಕೆ ಮತ್ಸ್ಯಗಂಧ ಎಕ್ಸ್‌ಪ್ರೆಸ್‌ಗೂ ಹಾಗೇ ಆಯಿತು. ಹಳಿ ಹಾಕುವಾಗ ಗುಡ್ಡಗಳನ್ನು ಬಹಳ ಕಡಿದಾಗಿ ಕತ್ತರಿಸಿದ್ದರು.

ಆಮೇಲೆ ನಡೆದ ಕೆಲಸವನ್ನು ಮೆಚ್ಚಬೇಕು. ಇಳಿಜಾರು ತಗ್ಗಿಸಿದರು, ಬಂಡೆಗಳಿಗೆ ಉಕ್ಕಿನ ಬಲೆ ಹೊದೆಸಿದರು, ಮಳೆಗಾಲಕ್ಕೆ ಬೇರೆ ವೇಳಾಪಟ್ಟಿ ತಂದು ವೇಗ ಇಳಿಸಿದರು, ಹಳಿಯುದ್ದಕ್ಕೂ ಕಾವಲಿನವರನ್ನು ನಡೆಸಿದರು. ರೈಲು ತಡವಾಯಿತೆಂದು ಕುಮಟಾ ನಿಲ್ದಾಣದಲ್ಲಿ ಬೇಜಾರು ಪಡುವಾಗ ಇದು ನೆನಪಿರಲಿ.

ಕೈಗಾದಲ್ಲಿ ಗುಮ್ಮಟ ಬಿದ್ದಿತ್ತಂತೆ, ನಿಜವಾ?

ನಿಜ. 1994ರ ಮೇ 13. ಕೈಗಾ ಅಣು ವಿದ್ಯುತ್ ಕೇಂದ್ರದ ಮೊದಲ ಘಟಕ ಇನ್ನೂ ಕಟ್ಟುವ ಹಂತದಲ್ಲಿತ್ತು. ಇಂಧನ ತಂದಿರಲಿಲ್ಲ, ಹಾಗಾಗಿ ವಿಕಿರಣದ ಪ್ರಶ್ನೆ ಇರಲಿಲ್ಲ. ರಿಯಾಕ್ಟರ್ ಕಟ್ಟಡದ ಒಳಗಿನ ಗುಮ್ಮಟದ ಅಡಿಭಾಗದಿಂದ ಸುಮಾರು 130 ಟನ್ ಕಾಂಕ್ರೀಟ್ ಪದರವಾಗಿ ಬಿಟ್ಟುಕೊಂಡು ಕೆಳಗೆ ಬಿತ್ತು. 14 ಜನ ಕೆಲಸಗಾರರಿಗೆ ಗಾಯವಾಯಿತು.

ಕಾರಣ ಕೇಳುವಂಥದ್ದು. ಆ ಗುಮ್ಮಟದ ಕಾಂಕ್ರೀಟಿನೊಳಗೆ ಉಕ್ಕಿನ ಕೇಬಲ್‌ಗಳನ್ನು ಹಾಯಿಸಿ, ಜಗ್ಗಿ ಬಿಗಿದಿರುತ್ತಾರೆ. ಬಿಗಿದಷ್ಟೂ ಕಾಂಕ್ರೀಟ್ ಒತ್ತಿಕೊಂಡು ಗಟ್ಟಿಯಾಗುತ್ತದೆ. ಆದರೆ ಗುಮ್ಮಟದಲ್ಲಿ ಕೇಬಲ್ ಬಾಗಿರುತ್ತದೆ. ಬಾಗಿದ ಕೇಬಲನ್ನು ಎಳೆದರೆ ಅದು ನೆಟ್ಟಗಾಗಲು ನೋಡುತ್ತದೆ, ತನ್ನ ಕೆಳಗಿನ ಕಾಂಕ್ರೀಟನ್ನು ಕೆಳಕ್ಕೆ ದಬ್ಬುತ್ತದೆ. ಕೇಬಲ್ ಹಾಯುವ ಕೊಳವೆಗಳು ಒತ್ತೊತ್ತಾಗಿದ್ದ ಕಡೆ ಮೇಲಿನ ಪದರಕ್ಕೂ ಕೆಳಗಿನ ಪದರಕ್ಕೂ ನಡುವೆ ಉಳಿದ ಕಾಂಕ್ರೀಟ್ ಕಡಿಮೆ. ಎರಡೂ ಪದರವನ್ನು ಹಿಡಿದಿಡಲು ಅಡ್ಡ ಸರಳು ಸಾಕಷ್ಟು ಇರಲಿಲ್ಲ. ಗುಮ್ಮಟದ ದಪ್ಪದ ದಿಕ್ಕಿನಲ್ಲಿ ಬರುವ ಈ ಎಳೆತಕ್ಕೆ ವಿನ್ಯಾಸದಲ್ಲಿ ಸರಿಯಾದ ಲೆಕ್ಕ ಸಿಕ್ಕಿರಲಿಲ್ಲ.

ಬೇಸರದ ಸಂಗತಿ ಏನೆಂದರೆ ಇದು ಲೋಕಕ್ಕೆ ಹೊಸದಾಗಿರಲಿಲ್ಲ. ಅಮೆರಿಕದ ಫ್ಲಾರಿಡಾದಲ್ಲಿ 1970ರಲ್ಲಿ ಟರ್ಕಿ ಪಾಯಿಂಟ್‌ನಲ್ಲಿ, 1976ರಲ್ಲಿ ಕ್ರಿಸ್ಟಲ್ ರಿವರ್‌ನಲ್ಲಿ ಇಂಥದ್ದೇ ಗುಮ್ಮಟಗಳು ಪದರ ಬಿಟ್ಟುಕೊಂಡಿದ್ದವು. ಆ ಪಾಠ ಸಮುದ್ರ ದಾಟಿ ಕಾಳಿ ನದಿಯ ದಂಡೆಗೆ ತಲುಪುವಷ್ಟರಲ್ಲಿ ಎಲ್ಲೋ ಸೋರಿಹೋಗಿತ್ತು.

ಮುಂದಿನ ಭಾಗವನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಗುಮ್ಮಟವನ್ನು ಹೊಸದಾಗಿ ವಿನ್ಯಾಸ ಮಾಡಿ, ಹೆಚ್ಚು ಬಲದ ಕಾಂಕ್ರೀಟ್ ಬಳಸಿ, ಪದರಗಳನ್ನು ಹಿಡಿದಿಡುವ ಸರಳು ಹಾಕಿ ಮತ್ತೆ ಕಟ್ಟಿದರು. ಇದರಿಂದಾಗಿ ಎರಡನೇ ಘಟಕವೇ ಮೊದಲು, 2000ದ ಮಾರ್ಚ್‌ನಲ್ಲಿ, ವಾಣಿಜ್ಯ ಉತ್ಪಾದನೆ ಶುರು ಮಾಡಿತು. ಮೊದಲನೆಯದು ಅದೇ ವರ್ಷ ನವೆಂಬರ್‌ನಲ್ಲಿ ಬಂತು. ಅದೇ ಮೊದಲ ಘಟಕ 2018ರ ಡಿಸೆಂಬರ್ 31ಕ್ಕೆ ಸತತ 962 ದಿನ ನಿಲ್ಲದೆ ಓಡಿ ವಿಶ್ವದಾಖಲೆ ಮಾಡಿತು. ತಪ್ಪನ್ನು ಮುಚ್ಚಿಡದೆ ಬಿಚ್ಚಿ ನೋಡಿದ್ದರ ಫಲ ಇದು ಎಂದೇ ನಾನು ನಂಬಿದ್ದೇನೆ.

ಕಾಳಿ ಸೇತುವೆ ನಲವತ್ತು ವರ್ಷಕ್ಕೇ ಯಾಕೆ ಬಿತ್ತು? ಹಳೆ ಕಲ್ಲಿನ ಸೇತುವೆಗಳು ನೂರು ವರ್ಷ ನಿಂತಿವೆಯಲ್ಲ?

2024ರ ಆಗಸ್ಟ್ 7ರ ನಡುರಾತ್ರಿ ಕಾರವಾರ ಮತ್ತು ಸದಾಶಿವಗಡದ ನಡುವಿನ ಹಳೆ ಸೇತುವೆ ಕುಸಿಯಿತು. ಒಂದು ಲಾರಿ ನದಿಗೆ ಬಿತ್ತು, ಚಾಲಕರನ್ನು ಪೊಲೀಸರು ಮತ್ತು ಮೀನುಗಾರರು ಸೇರಿ ಬದುಕಿಸಿದರು. ಪಕ್ಕದ ಹೊಸ ಸೇತುವೆ ಇದ್ದದ್ದರಿಂದ ಗೋವಾ ಸಂಪರ್ಕ ಪೂರ್ತಿ ಕಡಿಯಲಿಲ್ಲ.

ಕಲ್ಲಿಗೆ ತುಕ್ಕು ಹಿಡಿಯುವುದಿಲ್ಲ, ಕಾಂಕ್ರೀಟಿನ ಒಳಗಿನ ಕಬ್ಬಿಣಕ್ಕೆ ಹಿಡಿಯುತ್ತದೆ. ಕಾಳಿ ಸಮುದ್ರ ಸೇರುವ ಜಾಗದಲ್ಲಿ ಗಾಳಿಯಲ್ಲೂ ಉಪ್ಪು, ನೀರಿನಲ್ಲೂ ಉಪ್ಪು. ಉಪ್ಪಿನಲ್ಲಿರುವ ಕ್ಲೋರೈಡ್ ನಿಧಾನಕ್ಕೆ ಒಳಗೆ ಇಳಿದು ಸರಳನ್ನು ಮುಟ್ಟುತ್ತದೆ. ತುಕ್ಕು ಕಬ್ಬಿಣಕ್ಕಿಂತ ಜಾಸ್ತಿ ಜಾಗ ತಿನ್ನುತ್ತದೆ, ಉಬ್ಬುತ್ತದೆ, ಕಾಂಕ್ರೀಟನ್ನು ಒಳಗಿನಿಂದ ಸೀಳುತ್ತದೆ. ಆ ಸೀಳಿನಲ್ಲಿ ಇನ್ನಷ್ಟು ಉಪ್ಪು ಹೋಗುತ್ತದೆ. ಮೇಲೆ ಡಾಂಬರು ಹಾಕಿ ಬಣ್ಣ ಬಳಿದರೆ ಓಡಾಡುವವರಿಗೆ ಏನೂ ಕಾಣುವುದಿಲ್ಲ. ದೋಣಿಯಲ್ಲಿ ಅಡಿಗೆ ಹೋಗುವವರಿಗೆ ಮಾತ್ರ ಕೆಂಪು ಕಲೆ, ಬಿಟ್ಟುಕೊಂಡ ಚಕ್ಕೆ ಕಾಣುತ್ತದೆ. ಕರಾವಳಿಯ ಯಾವುದೇ ಸೇತುವೆಯ ತಪಾಸಣೆ ಮಾಡುವವರು ಮೊದಲು ಮಾತಾಡಿಸಬೇಕಾದದ್ದು ಅದರಡಿ ದಿನಾ ದೋಣಿ ನಡೆಸುವವರನ್ನು.

ಮನೆ ಕಟ್ಟುವವರಿಗೂ ಇದೇ ಮಾತು. ಅಗ್ಗಕ್ಕೆ ಸಿಗುತ್ತದೆಂದು ಕಡಲ ಮರಳನ್ನು ಸ್ಲ್ಯಾಬಿಗೆ ಹಾಕಬೇಡಿ. ಉಪ್ಪನ್ನು ನೀವೇ ಒಳಗೆ ಸೇರಿಸಿದ ಹಾಗೆ.

ಸೈಟಿನಲ್ಲಿ ಒಂದು ಸಣ್ಣ ಬದಲಾವಣೆ ಮಾಡಿದರೆ ಏನು ಮಹಾ?

ಅಮೆರಿಕದ ಕನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲ್ಲಿನಲ್ಲಿ ಆದದ್ದನ್ನು ನೋಡಿ. ಒಳಾಂಗಣದ ಮೇಲೆ ಎರಡು ಕಾಲ್ದಾರಿ, ಒಂದರ ಕೆಳಗೊಂದು, ಚಾವಣಿಯಿಂದ ಸರಳುಗಳಲ್ಲಿ ತೂಗುತ್ತಿದ್ದವು. ನಕ್ಷೆಯ ಪ್ರಕಾರ ಒಂದೇ ಉದ್ದ ಸರಳು ಚಾವಣಿಯಿಂದ ಇಳಿದು ಎರಡನ್ನೂ ಹೊರಬೇಕಿತ್ತು. ಅಷ್ಟುದ್ದದ ಸರಳಿಗೆ ನಟ್ ತಿರುಗಿಸಿ ಏರಿಸುವುದು ಕಷ್ಟವೆಂದು ಸರಳನ್ನು ಎರಡು ತುಂಡು ಮಾಡಿದರು. ಮೇಲಿನ ದಾರಿ ಚಾವಣಿಗೆ, ಕೆಳಗಿನ ದಾರಿ ಮೇಲಿನ ದಾರಿಯ ತೊಲೆಗೆ.

ಬಾವಿಯ ಹಗ್ಗ ಹಿಡಿದು ಇಬ್ಬರು ನೇತಾಡುತ್ತಿದ್ದಾರೆ ಅಂದುಕೊಳ್ಳಿ. ಇಬ್ಬರೂ ಹಗ್ಗವನ್ನೇ ಹಿಡಿದಿದ್ದರೆ ಒಬ್ಬೊಬ್ಬರ ಕೈಗೆ ಅವರವರ ಭಾರ ಮಾತ್ರ. ಕೆಳಗಿನವನು ಹಗ್ಗ ಬಿಟ್ಟು ಮೇಲಿನವನ ಕಾಲು ಹಿಡಿದರೆ? ಹಗ್ಗಕ್ಕೆ ಭಾರ ಅಷ್ಟೇ, ಮೇಲಿನವನ ಕೈಗೆ ಎರಡು ಪಟ್ಟು. ಅಲ್ಲಿ ಆ ಕೈಯ ಜಾಗದಲ್ಲಿದ್ದದ್ದು ಒಂದು ನಟ್. ಮೂಲ ನಕ್ಷೆಯೇ ಬೇಕಾದಷ್ಟು ಬಲದ್ದಾಗಿರಲಿಲ್ಲ. ಬದಲಾವಣೆಗೆ ಯಾರೂ ಹೊಸದಾಗಿ ಲೆಕ್ಕ ಹಾಕಲಿಲ್ಲ. 1981ರ ಜುಲೈ 17ರ ಸಂಜೆ ನೃತ್ಯಕೂಟ ನಡೆಯುತ್ತಿದ್ದಾಗ ಎರಡೂ ದಾರಿ ಕುಸಿದು 114 ಜನ ಸತ್ತರು.

ಹಾಗಾಗಿ ಮೇಸ್ತ್ರಿ ‘ಸರ್, ಇದನ್ನು ಹೀಗೆ ಮಾಡಿದರೆ ಸುಲಭ’ ಅಂದಾಗ ಬೈಯಬೇಡಿ, ತಕ್ಷಣ ಹ್ಞೂಂ ಅನ್ನಲೂ ಬೇಡಿ. ನಕ್ಷೆ ಬರೆದವರಿಗೆ ಕಳಿಸಿ, ಲೆಕ್ಕ ಹಾಕಿಸಿ, ಬರಹದಲ್ಲಿ ತರಿಸಿಕೊಳ್ಳಿ.

ಅಳತೆ ತಪ್ಪಿ ವಿಮಾನದ ಎಣ್ಣೆಯೇ ಖಾಲಿಯಾಗಿತ್ತಂತೆ, ಹೌದಾ?

ಹೌದು, ಕೆನಡಾದಲ್ಲಿ, 1983ರ ಜುಲೈ 23ಕ್ಕೆ. ಏರ್ ಕೆನಡಾದ ಬೋಯಿಂಗ್ 767 ಹೊಸದು, ಕಿಲೋ ಲೆಕ್ಕದ್ದು. ಹಳೆ ವಿಮಾನಗಳೆಲ್ಲ ಪೌಂಡ್ ಲೆಕ್ಕದವು. ಆ ದಿನ ಇಂಧನದ ಮೀಟರ್ ಕೆಟ್ಟಿತ್ತು, ಕೋಲು ಹಾಕಿ ಅಳೆದರು. ಲೀಟರನ್ನು ಕಿಲೋಗೆ ತರಲು 0.8ರಿಂದ ಗುಣಿಸಬೇಕಿತ್ತು. ಪೌಂಡಿಗೆ ತರುವ 1.77ರಿಂದ ಗುಣಿಸಿದರು. ಬೇಕಾದದ್ದರ ಅರ್ಧಕ್ಕಿಂತ ಕಡಿಮೆ ಇಂಧನ ಹಾಕಿಕೊಂಡು ಹಾರಿದ ವಿಮಾನದ ಎರಡೂ ಎಂಜಿನ್ ನಡುದಾರಿಯಲ್ಲಿ ನಿಂತವು. ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್‌ಗೆ ಎಂಜಿನ್ ಇಲ್ಲದ ಗ್ಲೈಡರ್ ಹಾರಿಸಿ ಅಭ್ಯಾಸವಿತ್ತು. ಗಿಮ್ಲಿ ಎಂಬಲ್ಲಿನ ಹಳೆಯ ವಾಯುನೆಲೆಯಲ್ಲಿ ಇಳಿಸಿಬಿಟ್ಟರು. ವಿಮಾನದಲ್ಲಿದ್ದ 69 ಜನರೂ ಬದುಕಿದರು.

1999ರಲ್ಲಿ ಮಂಗಳನ ಕಡೆ ಹೋದ ನಾಸಾದ ನೌಕೆಯೂ ಹೀಗೇ ಹಾಳಾಯಿತು. ಒಂದು ತಂಡದ ಲೆಕ್ಕ ಪೌಂಡಿನಲ್ಲಿ, ಇನ್ನೊಂದು ತಂಡ ಓದಿಕೊಂಡದ್ದು ನ್ಯೂಟನ್ನಿನಲ್ಲಿ. ದಾರಿ ತಪ್ಪುತ್ತಿದೆ ಎಂಬ ಅನುಮಾನ ಕೆಲವರಿಗೆ ಮೊದಲೇ ಬಂದಿತ್ತು.

ಈ ವಿಷಯದಲ್ಲಿ ಕಾರವಾರಕ್ಕೆ ಒಂದು ವಿಶೇಷ ನಂಟಿದೆ. ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ಸೇರಿ ಲಾಫೆನ್‌ಬುರ್ಗ್‌ನಲ್ಲಿ ರೈನ್ ನದಿಗೆ ಸೇತುವೆ ಕಟ್ಟಿದವು. ಎರಡೂ ದೇಶ ಎತ್ತರವನ್ನು ‘ಸಮುದ್ರಮಟ್ಟದಿಂದ ಇಷ್ಟು’ ಅಂತಲೇ ಹೇಳುತ್ತವೆ. ಆದರೆ ಅವರ ಸಮುದ್ರ ಬೇರೆ, ಇವರ ಸಮುದ್ರ ಬೇರೆ. ನಡುವಿನ ವ್ಯತ್ಯಾಸ 27 ಸೆಂಟಿಮೀಟರ್. ಅದು ಎಲ್ಲರಿಗೂ ಗೊತ್ತಿತ್ತು. ಕೂಡಿಸುವ ಕಡೆ ಕಳೆದರು, ಹಾಗಾಗಿ 2003ರಲ್ಲಿ ಎರಡು ದಡದ ನಡುವೆ 54 ಸೆಂಟಿಮೀಟರ್ ಏರುಪೇರು ಬಂತು. ನಮ್ಮ ದೇಶದಲ್ಲಿ ಆ ‘ಸಮುದ್ರಮಟ್ಟ’ ಎಲ್ಲಿಂದ ಬಂತು ಗೊತ್ತಾ? ಬ್ರಿಟಿಷರ ಕಾಲದ ಸರ್ವೆಯವರು ಒಂಬತ್ತು ಬಂದರುಗಳಲ್ಲಿ ವರ್ಷಗಟ್ಟಲೆ ಉಬ್ಬರವಿಳಿತ ಅಳೆದು ಅದನ್ನು ನಿಗದಿ ಮಾಡಿದರು. ಆ ಒಂಬತ್ತರಲ್ಲಿ ಕಾರವಾರವೂ ಒಂದು.

ನಮ್ಮಲ್ಲಿ ಜಾಗ ಗುಂಟೆಯಲ್ಲಿ, ಮನೆ ಚದರ ಅಡಿಯಲ್ಲಿ, ನಕ್ಷೆ ಮೀಟರಿನಲ್ಲಿ, ಜಲ್ಲಿ ಬ್ರಾಸ್ ಲೆಕ್ಕದಲ್ಲಿ. ಒಂದು ಬ್ರಾಸ್ ಅಂದರೆ ನೂರು ಘನ ಅಡಿ, ಸುಮಾರು 2.83 ಘನ ಮೀಟರ್. ಚೀಟಿಯಲ್ಲಿ ಬರೀ ಅಂಕಿ ಬರೆಯಬೇಡಿ, ಪಕ್ಕದಲ್ಲಿ ಯಾವ ಅಳತೆ ಅಂತ ಬರೆಯಿರಿ.

ಉಲ್ಟಾ ಕೂರಲು ಆಗದ ಹಾಗೆ ಸಾಮಾನು ಮಾಡಿದರೆ ಸಾಕಲ್ವಾ?

ಬಹಳ ಸಲ ಸಾಕು. ಆದರೂ 2013ರ ಜುಲೈ 2ಕ್ಕೆ ರಷ್ಯಾದ ಪ್ರೋಟಾನ್ ರಾಕೆಟ್ ಏರಿದ ಕೂಡಲೇ ತಿರುಗಿ ನೆಲಕ್ಕೆ ಬಡಿಯಿತು, ಮೂರು ಉಪಗ್ರಹ ಹೋದವು. ದಿಕ್ಕು ತಿಳಿಸುವ ಸೆನ್ಸರುಗಳನ್ನು ತಲೆಕೆಳಗಾಗಿ ಕೂರಿಸಿದ್ದರು. ಸರಿಯಾದ ದಿಕ್ಕು ತೋರಿಸಲು ಬಾಣದ ಗುರುತು ಇತ್ತು. ಉಲ್ಟಾ ಸುಲಭವಾಗಿ ಕೂರುತ್ತಲೂ ಇರಲಿಲ್ಲ, ಬಲ ಹಾಕಿ ಕೂರಿಸಿದ್ದರು. ಸಾಮಾನು ಕೂರುತ್ತಿಲ್ಲ ಅಂದರೆ ಅದು ಏನೋ ಹೇಳುತ್ತಿದೆ. ತೋಟದ ತ್ರೀ ಫೇಸ್ ಪಂಪಿನಲ್ಲೂ ಹಾಗೇ, ರಿಪೇರಿ ಆದ ಮೇಲೆ ನೀರು ಕಡಿಮೆ ಬಂದರೆ ಮೊದಲು ಮೋಟಾರ್ ಯಾವ ಕಡೆ ತಿರುಗುತ್ತಿದೆ ನೋಡಿಸಿ.

ಪ್ರತಿಯೊಂದಕ್ಕೂ ಪರೀಕ್ಷೆ ಮಾಡುತ್ತಾ ಕೂತರೆ ಕೆಲಸ ಮುಗಿಯೋದು ಯಾವಾಗ?

ಶಿರಸಿ, ಸಿದ್ದಾಪುರ ಕಡೆಯ ಅಡಿಕೆ ಬೆಳೆಗಾರರು ಇದಕ್ಕೆ ಚೆನ್ನಾದ ಉತ್ತರ ಕೊಡಬಲ್ಲರು. ಅಡಿಕೆಯ ಕೊಳೆರೋಗಕ್ಕೆ ಔಷಧಿ ಮಾಡುವಾಗ ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಬೇರೆ ಬೇರೆ ಕರಗಿಸಿ, ತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನಕ್ಕೆ ಸುರಿಯುತ್ತಾರೆ. ಆಮೇಲೆ ಚಾಕುವಿನ ಅಲಗನ್ನು ಅದ್ದಿ ತೆಗೆಯುತ್ತಾರೆ. ಅಲಗಿಗೆ ತಾಮ್ರದ ಕೆಂಪು ಹತ್ತಿದರೆ ಇನ್ನೂ ಸುಣ್ಣ ಬೇಕು. ಹಾಗೇ ಹೊಡೆದರೆ ಎಳೆಯ ಕಾಯಿ ಸುಡುತ್ತದೆ. ಈ ಪರೀಕ್ಷೆಗೆ ಒಂದೆರಡು ನಿಮಿಷ. ಮಳೆ ಹೊಳವಾದ ಸ್ವಲ್ಪ ಹೊತ್ತಿನಲ್ಲಿ ಮರ ಹತ್ತಿ ಮುಗಿಸಬೇಕಾದ ಅವಸರದಲ್ಲೂ ಅನುಭವಸ್ಥರು ಅದನ್ನು ಬಿಡುವುದಿಲ್ಲ.

ಕಾರ್ಬನ್ ಫೈಬರ್ ದೋಟಿಗೆ (ಅಡಿಕೆ ಕೊಯ್ಯುವ ಉದ್ದ ಕೋಲಿಗೆ) ಶಾಕ್ ಹೊಡೆಯೋದಿಲ್ಲ ಅಂತಾರಲ್ಲ?

ಇದು ತಪ್ಪು ತಿಳಿವಳಿಕೆ, ಜೀವಕ್ಕೆ ಕುತ್ತು ತರುವಂಥದ್ದು. ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತದೆ. ಅಲ್ಯೂಮಿನಿಯಂ ದೋಟಿಯ ಹಾಗೇ ಅದನ್ನೂ ತಂತಿಯಿಂದ ದೂರ ಇಡಬೇಕು. ಹಗುರ, ಗಟ್ಟಿ, ನೆಲದಲ್ಲೇ ನಿಂತು ಅಡಿಕೆ ಕೊನೆ (ಗೊನೆ) ಕೊಯ್ಯಬಹುದು, ಮರ ಹತ್ತುವ ಅಪಾಯ ಇಲ್ಲ, ಎಲ್ಲ ಸರಿ. ಆದರೆ ಕಣ್ಣು ಕೊನೆಯ ಮೇಲೆ ಇರುವಾಗ ಉದ್ದ ದೋಟಿ ಹಿಂದಕ್ಕೆ ವಾಲಿ ಲೈನಿಗೆ ತಾಗುವುದು ಗೊತ್ತೇ ಆಗುವುದಿಲ್ಲ. ತೋಟದ ಮೇಲೆ ಅಥವಾ ಪಕ್ಕದಲ್ಲಿ ಲೈನ್ ಹಾದಿದ್ದರೆ ಹೆಸ್ಕಾಂನವರಿಗೆ ಹೇಳಿ ಲೈನಿನ ಕರೆಂಟ್ ಬಂದ್ ಮಾಡಿಸಿಕೊಂಡೇ ಆ ಸಾಲಿನ ಕೊಯ್ಲು ಮಾಡಿ. ಒದ್ದೆ ದೋಟಿ ಯಾವುದೇ ಆದರೂ ನಂಬಬೇಡಿ.

ಜನರೇಟರ್ ಇರುವವರು ಇನ್ನೊಂದು ಗಮನಿಸಿ. ಘಟ್ಟದ ಮೇಲೆ ಮಳೆಗಾಲದಲ್ಲಿ ಕರೆಂಟ್ ಹೋದರೆ ದಿನಗಟ್ಟಲೆ ಬರದೆ ಇರಬಹುದು. ಆಗ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಮನೆಯ ಪ್ಲಗ್ಗಿಗೇ ಜನರೇಟರ್ ಜೋಡಿಸುವವರಿದ್ದಾರೆ. ಆ ಕರೆಂಟ್ ಮೀಟರ್ ದಾಟಿ ಲೈನಿಗೆ ಹೋಗುತ್ತದೆ. ಟ್ರಾನ್ಸ್‌ಫಾರ್ಮರಿನಲ್ಲಿ ಹಿಮ್ಮುಖವಾಗಿ ಹಾದು ಸಾವಿರಾರು ವೋಲ್ಟ್ ಆಗಬಲ್ಲದು. ಲೈನ್ ಸತ್ತಿದೆ ಎಂದು ನಂಬಿ ಮಳೆಯಲ್ಲಿ ಕಂಬ ಹತ್ತಿದ ಲೈನ್‌ಮನ್ ಮೈಗೆ ಅದು ಹೊಡೆಯುತ್ತದೆ.

ಬಾವಿಗೆ ಇಳಿದವರನ್ನು ಎತ್ತಲು ಹೋದವರೂ ಯಾಕೆ ಸಾಯುತ್ತಾರೆ?

ಬಹಳ ದಿನ ಬಳಸದ ಬಾವಿ, ಗೋಬರ್ ಗ್ಯಾಸ್ ಗುಂಡಿ, ಮುಚ್ಚಿದ ಟಾಂಕಿ, ಇವುಗಳಲ್ಲಿ ಆಮ್ಲಜನಕ ಕಡಿಮೆ ಇರಬಹುದು, ವಿಷಗಾಳಿಯೂ ಇರಬಹುದು. ಇಳಿದವರು ಕೂಗುವ ಮೊದಲೇ ಎಚ್ಚರ ತಪ್ಪುತ್ತಾರೆ. ಮೇಲಿದ್ದ ಅಣ್ಣನೋ ಮಗನೋ ಕಾಲು ಜಾರಿತೆಂದುಕೊಂಡು ಹಿಂದೆಯೇ ಇಳಿಯುತ್ತಾರೆ. ಪ್ರೀತಿಯಿಂದ ಮಾಡಿದ ಕೆಲಸಕ್ಕೆ ಇನ್ನೊಂದು ಜೀವ ಹೋಗುತ್ತದೆ.

ದೀಪ ಇಳಿಸಿ ನೋಡುವ ಹಳೆ ಪದ್ಧತಿ ಪೂರ್ತಿ ನಂಬಿಕೆಯದ್ದಲ್ಲ. ದೀಪ ಆರಿದರೆ ಇಳಿಯಲೇಬಾರದು, ಆದರೆ ಆರದಿದ್ದರೂ ವಿಷಗಾಳಿ ಇರಬಹುದು. ಗೋಬರ್ ಗುಂಡಿಯ ಹತ್ತಿರವಂತೂ ಬೆಂಕಿಯನ್ನು ತರಲೇಬೇಡಿ. ಇಳಿಯುವವರ ಸೊಂಟಕ್ಕೆ ಮೊದಲೇ ಹಗ್ಗ ಕಟ್ಟಿ, ಅದರ ತುದಿ ಮೇಲೆ ಇಬ್ಬರ ಕೈಯಲ್ಲಿರಲಿ. ಮಾತು ನಿಂತ ಕೂಡಲೇ ಎಳೆಯಿರಿ, ಇಳಿಯಬೇಡಿ.

ದೋಣಿ ಗಟ್ಟಿಯಾಗಿದ್ದರೆ ನಾಲ್ಕು ಜನ ಜಾಸ್ತಿ ಹತ್ತಿದರೆ ಏನಾಗುತ್ತದೆ?

2019ರ ಜನವರಿ 21ಕ್ಕೆ ಕಾರವಾರದ ಕೂರ್ಮಗಡ ನರಸಿಂಹ ದೇವರ ಜಾತ್ರೆಯ ದಿನ ದೋಣಿ ಮಗುಚಿ 16 ಜನ ಸತ್ತರು, ಮಕ್ಕಳೂ ಇದ್ದರು. ಜನ ಜಾಸ್ತಿಯಾಗಿದ್ದರು. ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ.

ದೋಣಿ ಮಗುಚಲು ಒಡೆಯಬೇಕಾಗಿಲ್ಲ. ಜನ ಹೆಚ್ಚಾದಷ್ಟೂ ಭಾರ ಮೇಲಕ್ಕೆ ಏರುತ್ತದೆ, ನೀರಿನ ಮೇಲೆ ಉಳಿಯುವ ಅಂಚು ತಗ್ಗುತ್ತದೆ. ಒಂದು ದೊಡ್ಡ ತೆರೆ ಬಂದಾಗ ಎಲ್ಲರೂ ಎದ್ದು ಒಂದೇ ಕಡೆ ಸರಿದರೆ ಮುಗಿಯಿತು.

1628ರಲ್ಲಿ ಸ್ವೀಡನ್ನಿನ ದೊಡ್ಡ ಯುದ್ಧನೌಕೆ ವಾಸಾ ಹೀಗೇ ಮುಳುಗಿತು. ಮೇಲೆ ಫಿರಂಗಿಯ ಭಾರ ಹೆಚ್ಚು, ಅಡಿಯಲ್ಲಿ ಕಡಿಮೆ. ಹೊರಡುವ ಮುಂಚೆ 30 ಜನರನ್ನು ಡೆಕ್ಕಿನ ಮೇಲೆ ಆ ಕಡೆಯಿಂದ ಈ ಕಡೆಗೆ ಓಡಿಸಿ ಪರೀಕ್ಷೆ ಮಾಡಿದ್ದರು. ಹಡಗು ಎಷ್ಟು ಓಲಾಡಿತೆಂದರೆ ಮೂರು ಸಲ ಓಡಿದ ಮೇಲೆ ನಿಲ್ಲಿಸಿಬಿಟ್ಟರು. ಅಂದರೆ ಗೊತ್ತಾಗಿತ್ತು. ಆದರೂ ರಾಜನ ಅವಸರಕ್ಕೆ ಆಗಸ್ಟ್ 10ಕ್ಕೆ ಬಿಟ್ಟರು. ಸುಮಾರು 1300 ಮೀಟರ್ ಹೋಗುವಷ್ಟರಲ್ಲಿ ಗಾಳಿಗೆ ವಾಲಿ, ತೆರೆದಿದ್ದ ಫಿರಂಗಿ ಕಿಂಡಿಗಳಲ್ಲಿ ನೀರು ನುಗ್ಗಿ ಮುಳುಗಿತು.

ಜಾತ್ರೆಯ ದಿನ ದೋಣಿಯವರಿಗೆ ಬೇಡ ಅನ್ನುವುದು ಕಷ್ಟ, ಎಲ್ಲರೂ ಪರಿಚಯದವರೇ. ಹತ್ತುವವರೇ ‘ಮುಂದಿನ ಟ್ರಿಪ್ಪಿಗೆ ಬರ್ತೇವೆ’ ಅಂದರೆ ಅವರ ಕೆಲಸ ಎಷ್ಟೋ ಸುಲಭವಾಗುತ್ತದೆ.

ಈಜು ಬರುವವರೂ ಗೋಕರ್ಣ, ಮುರ್ಡೇಶ್ವರದಲ್ಲಿ ಯಾಕೆ ಮುಳುಗುತ್ತಾರೆ?

ಕೆರೆಯಲ್ಲಿ ಕಲಿತ ಈಜು ಕಡಲಿಗೆ ಸಾಕಾಗುವುದಿಲ್ಲ. ದಡಕ್ಕೆ ಬಂದ ತೆರೆಯ ನೀರು ಕೆಲವು ಕಡೆ ಕಿರಿದಾದ ಹರಿವಾಗಿ ಜೋರಾಗಿ ಹಿಂದಕ್ಕೆ ಹೋಗುತ್ತದೆ. ಅಲ್ಲಿ ತೆರೆ ಒಡೆಯುವುದು ಕಡಿಮೆ, ಹಾಗಾಗಿ ಘಟ್ಟದ ಮೇಲಿನಿಂದ ಬಂದವರಿಗೆ ಅದೇ ಶಾಂತ ಜಾಗದಂತೆ ಕಾಣುತ್ತದೆ. ಸಿಕ್ಕಿಬಿದ್ದರೆ ನೇರ ದಡಕ್ಕೆ ಈಜಬೇಡಿ, ಸುಸ್ತಾಗುತ್ತೀರಿ. ದಡಕ್ಕೆ ಸಮಾನವಾಗಿ ಪಕ್ಕಕ್ಕೆ ಈಜಿ ಹರಿವಿನಿಂದ ಹೊರಬಂದು, ಆಮೇಲೆ ದಡಕ್ಕೆ ತಿರುಗಿ. ಆಗದಿದ್ದರೆ ತೇಲುತ್ತಾ ಕೈ ಎತ್ತಿ. 2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರನ್ನು ಮುರ್ಡೇಶ್ವರದ ಕಡಲು ಎಳೆದುಕೊಂಡಿತು. ಮಕ್ಕಳನ್ನು ಕರೆತರುವ ಮೇಷ್ಟರುಗಳೇ, ಲೈಫ್‌ಗಾರ್ಡ್ ‘ನೀರಿಗೆ ಇಳಿಯಬೇಡಿ’ ಅಂದರೆ ಇಳಿಸಲೇಬೇಡಿ.

ಗೂಗಲ್ ಮ್ಯಾಪ್ ನಂಬಿ ಘಟ್ಟ ಇಳಿಯಬಹುದಾ?

ದಾರಿ ನೋಡಲು ಒಳ್ಳೆಯದು. ಆದರೆ ದೇವಿಮನೆ, ಅರಬೈಲ್ ಘಟ್ಟದಲ್ಲಿ ಇವತ್ತು ಬೆಳಿಗ್ಗೆ ಧರೆ ಕುಸಿದದ್ದು ಅದಕ್ಕೆ ಗೊತ್ತಿಲ್ಲದಿರಬಹುದು. 2024ರ ನವೆಂಬರ್‌ನಲ್ಲಿ ಉತ್ತರ ಪ್ರದೇಶದ ಬರೇಲಿಯ ಹತ್ತಿರ ಕಾರೊಂದು ಅರ್ಧ ಇಲ್ಲದ ಸೇತುವೆಯಿಂದ ಬಿದ್ದು ಮೂವರು ಸತ್ತರು. ಅಲ್ಲಿ ಅಡ್ಡಗಟ್ಟೆಯೂ ಸರಿಯಾಗಿ ಇರಲಿಲ್ಲ. ಘಟ್ಟ ಹತ್ತುವ ಮುನ್ನ ಚಹಾ ಅಂಗಡಿಯಲ್ಲಿ ಒಮ್ಮೆ ಕೇಳಿ.

ಸತ್ತ ತಿಮಿಂಗಿಲ ದಡಕ್ಕೆ ಬಂದರೆ ಏನು ಮಾಡಬೇಕು?

ಹತ್ತಿರ ಹೋಗಬೇಡಿ, ಅರಣ್ಯ ಇಲಾಖೆಗೆ ತಿಳಿಸಿ. ಹೊಟ್ಟೆಯಲ್ಲಿ ಅನಿಲ ತುಂಬಿ ತಾನಾಗಿಯೇ ಸಿಡಿಯಬಹುದು. 1970ರ ನವೆಂಬರ್ 12ಕ್ಕೆ ಅಮೆರಿಕದ ಓರೆಗಾನ್ ಕಡಲ ದಂಡೆಯಲ್ಲಿ ಹೆದ್ದಾರಿ ಇಲಾಖೆಯವರು ಅರ್ಧ ಟನ್ ಡೈನಮೈಟ್ ಇಟ್ಟು ತಿಮಿಂಗಿಲವನ್ನು ಸಿಡಿಸಿದರು. ಚೂರುಚೂರಾಗಿ ಹಕ್ಕಿಗಳು ತಿಂದು ಮುಗಿಸುತ್ತವೆ ಎಂಬ ಎಣಿಕೆ. ದೊಡ್ಡ ದೊಡ್ಡ ತುಂಡುಗಳು ನೋಡುತ್ತಿದ್ದ ಜನರ ಸುತ್ತ ಬಿದ್ದು, ದೂರ ನಿಲ್ಲಿಸಿದ್ದ ಕಾರೊಂದು ಜಜ್ಜಿಹೋಯಿತು. ಈಗ ಸಾಮಾನ್ಯವಾಗಿ ಆಳವಾಗಿ ಹೂಳುತ್ತಾರೆ.

ತಪ್ಪು ಮಾಡಿದವರನ್ನು ಅಮಾನತು ಮಾಡಿದರೆ ಸರಿಹೋಗೋದಿಲ್ವಾ?

ಹೊಣೆ ಇರಲೇಬೇಕು. ಹಯಾತ್ ಪ್ರಕರಣದಲ್ಲಿ ಎಂಜಿನಿಯರುಗಳ ಪರವಾನಗಿ ಹೋಯಿತು, ಅದು ನ್ಯಾಯವೇ. ಆದರೆ ನಾಲ್ಕು ಜನರನ್ನು ಮನೆಗೆ ಕಳಿಸಿದ ಮೇಲೆ ಕಡತ ಮುಚ್ಚಿದರೆ ಮುಂದಿನ ಸೇತುವೆಗೆ ಏನೂ ಸಿಗುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ನೀರು ಹರಿಯುತ್ತಿರುವಾಗಲೇ ಅಣೆಕಟ್ಟೆ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ತಾತ್ಕಾಲಿಕ ಗೇಟು ಇಳಿಸಿ ನಿಲ್ಲಿಸಿದರು, ಎಲ್ಲರೂ ಹೆಮ್ಮೆಪಟ್ಟೆವು. ಆ ಹೆಮ್ಮೆಯ ಜೊತೆಗೆ ಕೇಳಬೇಕಾದದ್ದು ಉಳಿದ 32 ಗೇಟುಗಳ ಸರಪಳಿ ಹೇಗಿದೆ ಅಂತ. ಯಾರನ್ನು ಹಿಡಿಯಬೇಕು ಎಂಬುದಕ್ಕಿಂತ ಇನ್ನೆಲ್ಲಿ ಇದೇ ತಪ್ಪು ಕೂತಿದೆ ಎಂದು ಹುಡುಕುವುದು ನನಗೆ ಹೆಚ್ಚು ಮುಖ್ಯ ಅನ್ನಿಸುತ್ತದೆ.

ಸರಿ, ಅಪಾಯ ಕಂಡೆವು. ಯಾರಿಗೆ ಹೇಳೋದು?

ಜೀವಕ್ಕೆ ಅಪಾಯವಿದ್ದರೆ 112. ಧರೆ, ನೆರೆ, ಸೇತುವೆಯ ಬಿರುಕು ಇಂಥದ್ದಕ್ಕೆ ಜಿಲ್ಲಾಡಳಿತದ ಸಹಾಯವಾಣಿ 1077. ರಾಷ್ಟ್ರೀಯ ಹೆದ್ದಾರಿಯಲ್ಲಿ 1033. ಕಡಲಿನಲ್ಲಿ ಕೋಸ್ಟ್ ಗಾರ್ಡ್ 1554. ತಂತಿ ಹರಿದು ಬಿದ್ದಿದ್ದರೆ 1912. ಗ್ಯಾಸ್ ಸೋರಿಕೆಗೆ 1906.

ಫೋನಿನಲ್ಲಿ ‘ಶಿರೂರು ಹತ್ತಿರ’ ಅಂದರೆ ಅವರಿಗೆ ಹುಡುಕುವುದು ಕಷ್ಟ. ರಸ್ತೆ ಬದಿಯ ಕಿಲೋಮೀಟರ್ ಕಲ್ಲಿನ ಅಂಕಿ ಹೇಳಿ, ಕಂಬದ ಮೇಲಿನ ಸಂಖ್ಯೆ ಹೇಳಿ. ಫೋಟೋ ತೆಗೆಯುವುದಾದರೆ ಬಿರುಕಿನ ಪಕ್ಕ ಒಂದು ಪೆನ್ನು ಇಟ್ಟು ತೆಗೆಯಿರಿ, ಅಗಲ ಗೊತ್ತಾಗುತ್ತದೆ. ಮರುದಿನ ಅದೇ ಜಾಗದಲ್ಲಿ ಇನ್ನೊಂದು ತೆಗೆಯಿರಿ. ದೂರು ಕೊಟ್ಟ ಸಂಖ್ಯೆ, ದಿನಾಂಕ, ಮಾತಾಡಿದವರ ಹೆಸರು ಬರೆದಿಟ್ಟುಕೊಳ್ಳಿ. ಎರಡು ದಿನವಾದರೂ ಯಾರೂ ಬರದಿದ್ದರೆ ಅದೇ ಸಂಖ್ಯೆ ಹೇಳಿ ಮತ್ತೆ ಫೋನ್ ಮಾಡಿ, ಪಂಚಾಯತಿಯ ಪಿಡಿಒ ಅವರಿಗೂ ಒಂದು ಪ್ರತಿ ಕೊಡಿ.